ಅವಧಿ ಮೀರಿ ಹೂಡಿದ ಫಿರ್ಯಾದು: ವಕೀಲರ ಖರ್ಚು ವಾಪಸು ಬರುವುದೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಪುಣೆಯ ಕೋಥರೂಡಿನಲ್ಲಿ ಚಿಕ್ಕ ಉಪಾಹಾರಗೃಹ ನಡೆಸುತ್ತೇನೆ. 2022ರ ಏಪ್ರಿಲಿನಲ್ಲಿ ಗಾಡಿ ನಿಲ್ಲಿಸುವ ವಿಚಾರಕ್ಕೆ ಪಕ್ಕದ ಅಂಗಡಿಯವರೊಡನೆ ಮಾತಿಗೆ ಮಾತು ಬೆಳೆದಿತ್ತು. ನಾನು ಅವಮಾನಿಸಿ ಶಾಂತಿಭಂಗಕ್ಕೆ ಪ್ರಚೋದಿಸಿದೆನೆಂದು ಅವರು 2025ರ ಸೆಪ್ಟೆಂಬರಿನಲ್ಲಿ ದಂಡ ಸಂಹಿತೆಯ 504ನೇ ಕಲಮಿನಡಿ ಖಾಸಗಿ ಫಿರ್ಯಾದು ಸಲ್ಲಿಸಿದ್ದು, ಶಿವಾಜಿನಗರದ ನ್ಯಾಯಾಲಯದಿಂದ ನನಗೆ ಮರಾಠಿಯಲ್ಲಿ ನೋಟಿಸು ಬಂದಿದೆ. ಈಗಾಗಲೇ 40,000 ರೂಪಾಯಿ ಖರ್ಚಾಗಿದೆ. ಇಂಗ್ಲೆಂಡಿನಲ್ಲಿ ಇಂಥ ಖರ್ಚನ್ನು ಸರ್ಕಾರವೇ ಕೊಡುತ್ತದೆಂದು ಅಳಿಯ ಹೇಳುತ್ತಾನೆ. ನಮ್ಮಲ್ಲಿ?

ಉತ್ತರ: ತಮ್ಮ ಅಳಿಯ ಹೇಳಿದ್ದರಲ್ಲಿ ಹುರುಳಿದೆ. ಅಲ್ಲಿ ಸಣ್ಣ ಅಪರಾಧಗಳ ಮೊಕದ್ದಮೆಯನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ಹೂಡಬೇಕು. ಅದು ಬಿದ್ದುಹೋದರೆ, 1985ರ ಕಾಯ್ದೆಯೊಂದರ 16ನೇ ಕಲಮಿನಡಿ ಆರೋಪಿಯ ಖರ್ಚನ್ನು ಸರ್ಕಾರಿ ನಿಧಿಯಿಂದ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ಕ್ರಿಮಿನಲ್ ಮೊಕದ್ದಮೆಗಳು ನಡೆಯುವ ಕ್ರಮವನ್ನು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 400ನೇ ಕಲಮು ಖರ್ಚಿನ ಬಗ್ಗೆಯೇ ಇದೆ, ಆದರೆ ಅದು ಶಿಕ್ಷೆಯಾದ ಆರೋಪಿಯಿಂದ ಫಿರ್ಯಾದುದಾರರಿಗೆ ಕೊಡಿಸುವ ಖರ್ಚು. ಈ ಏಕಪಕ್ಷೀಯತೆ ನನಗೆ ಎಂದೂ ಸರಿಯೆನಿಸಿಲ್ಲ.

504ಕ್ಕೆ ಗರಿಷ್ಠ ಶಿಕ್ಷೆ ಎರಡು ವರ್ಷ. ಆದ್ದರಿಂದ ಸುರಕ್ಷಾ ಸಂಹಿತೆಯ 514ನೇ ಕಲಮಿನ ಪ್ರಕಾರ ಕಾಲಮಿತಿ ಮೂರು ವರ್ಷ, ಎಣಿಕೆಗೆ ಮುಖ್ಯವಾದುದು ಫಿರ್ಯಾದು ಸಲ್ಲಿಸಿದ ದಿನ. ಫಿರ್ಯಾದಿನ ಪ್ರತಿಯ ಮೊದಲ ಪುಟದ ಮೊಹರಿನ ತಾರೀಖನ್ನು ನೋಡಿಕೊಳ್ಳಿ. 519ನೇ ಕಲಮಿನಡಿ ವಿಳಂಬವನ್ನು ಮನ್ನಿಸಬಹುದಾದರೂ, ಹಾಗೆ ಮನ್ನಿಸುವ ಮೊದಲು ಆರೋಪಿಯ ಮಾತನ್ನು ಕೇಳಲೇಬೇಕೆಂದು ಮಹಾರಾಷ್ಟ್ರದ್ದೇ ಆದ ಡೋಂಗ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಪ್ರಶ್ನೆ: ಹಾಗಾದರೆ ಸುಳ್ಳು ಫಿರ್ಯಾದು ಹೂಡಿದ್ದಕ್ಕೆ ನನಗೆ ಪರಿಹಾರವೇ ಇಲ್ಲವೇ?

ಉತ್ತರ: ಸುರಕ್ಷಾ ಸಂಹಿತೆಯಲ್ಲೇ 273ನೇ ಕಲಮಿದೆ. ಆರೋಪಕ್ಕೆ ಸಮಂಜಸ ಆಧಾರವೇ ಇರಲಿಲ್ಲವೆಂದು ಕಂಡರೆ, ಮ್ಯಾಜಿಸ್ಟ್ರೇಟರು ತಾವು ವಿಧಿಸಬಹುದಾದ ದಂಡದ ಮಿತಿಯೊಳಗೆ, ಅಂದರೆ ಪ್ರಥಮ ದರ್ಜೆಯವರಾದರೆ 50,000 ರೂಪಾಯಿಯವರೆಗೆ, ಪರಿಹಾರ ಕೊಡಿಸಬಹುದು. ತೊಡಕೆಂದರೆ, ಅದಕ್ಕೆ ಬಿಡುಗಡೆಯ ಅಥವಾ ಖುಲಾಸೆಯ ಆದೇಶ ಬೇಕು. ತಮ್ಮ ಪ್ರಕರಣವಿನ್ನೂ ವಿಚಾರಣೆಗೆ ಅಂಗೀಕಾರವಾಗಿಲ್ಲ. ಈಗಲೇ ಕಾಲಮಿತಿಯ ಮೇಲೆ ವಜಾ ಆದರೆ, ಆರೋಪ ನಿಜವೋ ಸುಳ್ಳೋ ಎಂಬುದನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಬೇಗ ಹೊರಬರುವ ಬಾಗಿಲು, ಪರಿಹಾರದ ಬಾಗಿಲನ್ನು ಮುಚ್ಚಿಕೊಂಡೇ ತೆರೆಯುತ್ತದೆ. ಆದರೂ 40,000ಕ್ಕಾಗಿ ವರ್ಷಗಟ್ಟಲೆ ಅಲೆಯುವುದಕ್ಕಿಂತ ಮೊದಲನೆಯದನ್ನೇ ಆರಿಸಿಕೊಳ್ಳಿರೆಂದು ನಾನು ಹೇಳುವೆ.

ದುರುದ್ದೇಶದ ಮೊಕದ್ದಮೆಯೆಂದು ಸಿವಿಲ್ ದಾವೆ ಹೂಡುವ ಮನಸ್ಸಿದ್ದರೆ, ಪ್ರಕರಣ ಮುಗಿದ ದಿನದಿಂದ ಒಂದೇ ವರ್ಷ ಅವಧಿ. ದುರುದ್ದೇಶವನ್ನು ರುಜುವಾತುಪಡಿಸುವ ಹೊಣೆ ತಮ್ಮದೇ. ನಗದಾಗಿ ಕೊಟ್ಟ ಫೀಜಿಗೆ ಇಂದೇ ರಸೀದಿ ಪಡೆಯಿರಿ.