ಬೇಸ್ ಗಿಟಾರ್ ಕಿಟ್: ಸ್ಟೇನ್ ಹಿಡಿಯದ ಬಿಳಿ ಗೆರೆ

ನಾಲ್ಕುತಂತಿ: ಮೊದಲ ಸಲ ಬೇಸ್ ಗಿಟಾರ್ ನಾವೇ ಜೋಡಿಸೋ ಕಿಟ್ ತರಿಸಿದ್ದೇನೆ. ತಾಳ್ಮೆ ಸಾಲದೆ ಒಂದೇ ಸುತ್ತು ಮರಳು ಕಾಗದ ಉಜ್ಜಿ ನೀಲಿ ಸ್ಟೇನ್ (ಮರದೊಳಗೆ ಇಳಿಯೋ ಬಣ್ಣ) ಬಳಿದೇಬಿಟ್ಟೆ. ಈಗ ಎರಡು ಹಲಗೆ ಕೂಡುವಲ್ಲಿ ಬಸವನಹುಳು ಹರಿದ ಹಾಗೆ ಬಿಳಿ ಗೆರೆ. ಮತ್ತೊಂದು ಕೋಟ್ ಕೊಟ್ಟರೂ ಹಿಡಿಯಲಿಲ್ಲ. ತಂತಿಗಳ ಬುಡ ಹಿಡಿಯೋ ಬ್ರಿಡ್ಜ್ ಕೂರಿಸಲು ಮರಕ್ಕೆ ತೂತು ಕೊರೆಯೋದು ಬೇರೆ ಬಾಕಿ, ಕೈ ನಡುಗ್ತಿದೆ.

ಮರದಪುಡಿ: ಅದು ಹಲಗೆ ಜೋಡಿಸುವಾಗ ಸೋರಿದ ಅಂಟು. ಅಂಟು ಕುಡಿದ ಮರಕ್ಕೆ ಸ್ಟೇನ್ ಇಳಿಯಲ್ಲ. 120 ನಂಬರಿನ ಮರಳು ಕಾಗದದಿಂದ ಶುರುಮಾಡಿ 180, 240ರ ತನಕ ಮರದ ಎಳೆಯ ದಿಕ್ಕಿಗೇ ಉಜ್ಜಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, ಅಂಟು ಉಳಿದಿದ್ದರೆ ಅಲ್ಲಷ್ಟೇ ಮಾಸಲಾಗಿ ಕಾಣುತ್ತೆ. ಕೊನೆಗೆ ಮರಕ್ಕೆ ಹಚ್ಚೋ ಟಂಗ್ ಎಣ್ಣೆ ಬಳಸೋದಾದರೆ ಎಣ್ಣೆ ಹತ್ತಿದ ಬಟ್ಟೆಯನ್ನ ಮುದ್ದೆ ಮಾಡಿ ಎಸೀಬೇಡಿ, ಹರಡಿ ಒಣಗಿಸಿ. ತಾನಾಗೇ ಹೊತ್ತಿಕೊಳ್ಳಬಹುದು, ತಮಾಷೆಯಲ್ಲ.

ಗುಂಯ್‌ಗುಡುವವ: ತೂತಿನ ವಿಷಯ ನಂಗೆ ಬಿಡಿ, ಪೆಟ್ಟು ತಿಂದವನು ನಾನು. ನೆಕ್ (ಗಿಟಾರಿನ ಕುತ್ತಿಗೆ) ಕೂರಿಸಿ, ನಟ್‌ನಿಂದ (ತಲೆಯ ಕಡೆ ತಂತಿ ಕೂರೋ ಪಟ್ಟಿ) 12ನೇ ಫ್ರೆಟ್‌ಗೆ (ನೆಕ್ ಮೇಲಿನ ಲೋಹದ ಅಡ್ಡಗೆರೆ) ಅಳೆಯಿರಿ. ಸ್ಕೇಲ್, ಅಂದ್ರೆ ತಂತಿ ಮಿಡಿಯೋ ಉದ್ದ, 34 ಇಂಚು ಆದರೆ 17 ಬರಬೇಕು. ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯ ಸ್ಯಾಡಲ್ಲನ್ನು (ಬ್ರಿಡ್ಜ್ ಮೇಲೆ ತಂತಿ ಕೂರೋ ತುಂಡು) ಹೆಚ್ಚುಕಮ್ಮಿ ಪೂರ್ತಿ ಮುಂದೆ ತಂದು ನಟ್‌ನಿಂದ 34 ಇಂಚಿಗೆ ಇಡಿ. ದಪ್ಪ ತಂತಿಗಳ ಸ್ಯಾಡಲ್‌ಗಳಿಗೆ ಹಿಂದೆ ಸರಿಯಲು ಜಾಗ ಬೇಕು. ಕೊರೆಯೋ ಮುಂಚೆ ಎರಡು ಅಂಚಿನ ತಂತಿಗಳ ಜಾಗದಲ್ಲಿ ದಾರ ಎಳೆದು ನೋಡಿ. ನಾನು ನೋಡಲಿಲ್ಲ, ಜಿ ತಂತಿ ಫ್ರೆಟ್‌ನ ಅಂಚಿಂದ ಜಾರ್ತಿತ್ತು. ತೂತಿಗೆ ಹಲ್ಲುಕಡ್ಡಿ, ಅಂಟು ತುಂಬಿ ಮತ್ತೆ ಕೊರೆದೆ. ಹಾಂ, ಗ್ರೌಂಡ್ ವೈರ್ (ಅರ್ಥಿಂಗ್ ತಂತಿ) ಬ್ರಿಡ್ಜ್ ಅಡಿಗೆ ಬರಬೇಕು, ಇಲ್ಲಾಂದ್ರೆ ಗುಂಯ್ ಅನ್ನುತ್ತೆ. ನನ್ನ ಹೆಸರು ಹಾಗೇ ಬಂದಿದ್ದು.

ನಾಲ್ಕುತಂತಿ: ಉಜ್ಜಿದೆ. ನೀಲಿ ಪೂರಾ ಹೋಯ್ತು, ಜೊತೆಗೆ ಉಗುರೂ. ಒದ್ದೆ ಬಟ್ಟೆಗೆ ಇನ್ನೊಂದು ಕಲೆ ಸಿಕ್ಕಿದೆ, ಹಿಂಬದಿಯಲ್ಲಿ. ಅದನ್ನ ಹಾಗೇ ಬಿಡ್ತೀನಿ, ಹೊಟ್ಟೆಗೆ ತಾಗೋ ಕಡೆ ಯಾರು ನೋಡ್ತಾರೆ.