ಮೋಟಾರ್ ಹಾಕಿದರೂ ನಕ್ಷತ್ರ ಗೆರೆಯಾಗಿ ಬರುತ್ತಿದೆ: ಹಳೇ ಇಕ್ವಟೋರಿಯಲ್ ಮೌಂಟ್

ತಾರಸಿತಾರೆ, ತುಮಕೂರು:

ಎಲ್ಲರಿಗೂ ನಮಸ್ಕಾರ. ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಸಣ್ಣ ಇಕ್ವಟೋರಿಯಲ್ ಮೌಂಟ್ (ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಸ್ಟ್ಯಾಂಡ್) ತೆಗೆದುಕೊಂಡೆ. ಒಳಗಿನ ಗ್ರೀಸ್ ಅಂಟಿನ ಹಾಗೆ ಗಟ್ಟಿಯಾಗಿತ್ತು. ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಲಿಥಿಯಂ ಗ್ರೀಸ್ ಹಚ್ಚಿದೆ. ಈಗ ಕೈಯಲ್ಲಿ ನುಣ್ಣಗೆ ತಿರುಗುತ್ತದೆ.

ಪೂರ್ವದಿಂದ ಪಶ್ಚಿಮಕ್ಕೆ ತಿರುಗುವ ಆರ್‌ಎ ಅಕ್ಷಕ್ಕೆ ನೆಮಾ 17 ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು, ಸುತ್ತಿಗೆ 200 ಸ್ಟೆಪ್) ಕೂರಿಸಿದ್ದೇನೆ. ಅದನ್ನು ನಡೆಸಲು ಆರ್ಡುಯಿನೊ ನ್ಯಾನೊ, ಎ4988 ಡ್ರೈವರ್, 16 ಮೈಕ್ರೊಸ್ಟೆಪ್ (ಒಂದು ಸ್ಟೆಪ್ಪನ್ನು 16 ಭಾಗ ಮಾಡಿ). ಮೋಟಾರಿಗೆ 16 ಹಲ್ಲಿನ ಪುಲ್ಲಿ, ವರ್ಮ್‌ಗೆ (ಅಕ್ಷದ ಚಕ್ರವನ್ನು ತಿರುಗಿಸುವ ಸ್ಕ್ರೂ ಆಕಾರದ ಸರಳು) 60 ಹಲ್ಲಿನದು, ನಡುವೆ ಜಿಟಿ2 ಬೆಲ್ಟ್. ವರ್ಮ್ 6 ಸುತ್ತು ತಿರುಗಿದರೆ ಅಕ್ಷ 15 ಡಿಗ್ರಿ ತಿರುಗುತ್ತದೆ, ಹಾಗಾಗಿ ಚಕ್ರಕ್ಕೆ 144 ಹಲ್ಲು ಅಂತ ಲೆಕ್ಕ ಹಾಕಿದೆ. ಕೋಡ್‌ನಲ್ಲಿ ಮೈಕ್ರೊಸ್ಟೆಪ್ಪಿಗೆ ಸರಿಯಾಗಿ 50 ಮಿಲಿಸೆಕೆಂಡ್ ಕೊಟ್ಟಿದ್ದೇನೆ.

200 ಎಂಎಂ ಲೆನ್ಸ್ ಹಾಕಿ ಓರಿಯನ್ ನೆಬ್ಯುಲಾದ 60 ಸೆಕೆಂಡಿನ ಫೋಟೋ 20 ತೆಗೆದೆ. 6 ಚೆನ್ನಾಗಿವೆ. ಉಳಿದವುಗಳಲ್ಲಿ ನಕ್ಷತ್ರ ಗೆರೆಯಾಗಿದೆ, ಕೆಲವದರಲ್ಲಿ 8 ಪಿಕ್ಸೆಲ್ ತನಕ. ಕ್ಯಾಮೆರಾದ ಪಿಕ್ಸೆಲ್ 3.9 ಮೈಕ್ರಾನ್. ಕೋಡ್ ತಪ್ಪಾ? ಮೋಟಾರ್ ಬದಲಿಸಬೇಕಾ? ಮೂರು ವಾರದಿಂದ ಇದರ ಹಿಂದೆಯೇ ಇದ್ದೇನೆ.

ಹಲ್ಲುಚಕ್ರ:

ಮೇಡಂ, ಮೋಟಾರಿಗೆ ಸದ್ಯಕ್ಕೆ ಕೈ ಹಾಕಬೇಡಿ. ಕೋಡ್‌ನಲ್ಲಿ ಒಂದು ತಪ್ಪಿದೆ, ಆದರೆ ಈ ಗೆರೆಗೆ ಅದು ಕಾರಣ ಅಲ್ಲ.

ನಿಮ್ಮ ಜೋಡಣೆಯಲ್ಲಿ ಅಕ್ಷದ ಒಂದು ಸುತ್ತಿಗೆ 17,28,000 ಮೈಕ್ರೊಸ್ಟೆಪ್. 50 ಮಿಲಿಸೆಕೆಂಡ್ ಕೊಟ್ಟರೆ ಆ ಸುತ್ತು 24 ಗಂಟೆಯಲ್ಲಿ ಮುಗಿಯುತ್ತದೆ. ಅದು ಸೂರ್ಯನ ಲೆಕ್ಕ. ನಕ್ಷತ್ರಗಳಿಗೆ ಬೇಕಾದ್ದು 23 ಗಂಟೆ 56 ನಿಮಿಷ 4 ಸೆಕೆಂಡ್. ಅಂದರೆ ಮೈಕ್ರೊಸ್ಟೆಪ್ಪಿಗೆ 49,863 ಮೈಕ್ರೊಸೆಕೆಂಡ್. ಕೋಡ್‌ನಲ್ಲಿ ಡಿಲೇ (ಸುಮ್ಮನೆ ಕಾಯಿಸುವ ಆದೇಶ) ಬಿಟ್ಟು ಟೈಮರ್ ಬಳಸಿ.

ಈ ತಪ್ಪಿನಿಂದ ನಿಮಿಷಕ್ಕೆ ಎರಡೂವರೆ ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ ಅಂದರೆ ಒಂದು ಆರ್ಕ್‌ಸೆಕೆಂಡ್) ಮಾತ್ರ ಜಾರುತ್ತದೆ. ನಿಮ್ಮ ಲೆನ್ಸಿಗೆ ಒಂದು ಪಿಕ್ಸೆಲ್ ಅಂದರೆ ಸುಮಾರು 4 ಆರ್ಕ್‌ಸೆಕೆಂಡ್, ಹಾಗಾಗಿ ಅದು ಕಣ್ಣಿಗೂ ಕಾಣುವುದಿಲ್ಲ. ಅದೂ ಅಲ್ಲದೆ ವೇಗ ತಪ್ಪಿದ್ದರೆ ಎಲ್ಲಾ ಫೋಟೋದಲ್ಲೂ ಒಂದೇ ಅಳತೆಯ ಗೆರೆ ಬರಬೇಕು. ನಿಮಗೆ 6 ಚೆನ್ನಾಗಿ ಬಂದಿವೆ ಅಲ್ವಾ? ಏನೋ ಒಂದು ಹಿಂದೆ ಮುಂದೆ ಆಡುತ್ತಿದೆ.

ಹೀಗೆ ಮಾಡಿ ನೋಡಿ. ಮೊದಲು ಒಂದು ಫೋಟೋ ತೆಗೆಯುವಾಗ ಮೋಟಾರನ್ನು 10 ಸೆಕೆಂಡ್ ನಿಲ್ಲಿಸಿ. ನಕ್ಷತ್ರ 37 ಪಿಕ್ಸೆಲ್‌ನಷ್ಟು ಉದ್ದ ಗೆರೆ ಎಳೆಯುತ್ತದೆ. ಅದೇ ನಿಮ್ಮ ಪೂರ್ವ-ಪಶ್ಚಿಮ ದಿಕ್ಕು. ಆಮೇಲೆ ಏನನ್ನೂ ಮುಟ್ಟದೆ 15 ಸೆಕೆಂಡಿನ ಫೋಟೋಗಳನ್ನು 20 ನಿಮಿಷ ತೆಗೆಯಿರಿ. ಒಂದೇ ನಕ್ಷತ್ರ ಪ್ರತಿ ಫೋಟೋದಲ್ಲಿ ಎಲ್ಲಿದೆ ಅಂತ ಬರೆದುಕೊಳ್ಳಿ.

ಮಲೆನಾಡ ಆಕಾಶ:

ಒಂದು ಮಾತು ಸೇರಿಸುತ್ತೇನೆ. ನಕ್ಷತ್ರ ಉತ್ತರ-ದಕ್ಷಿಣಕ್ಕೆ ಒಂದೇ ಸಮ ಜಾರಿದರೆ ಪೋಲಾರ್ ಅಲೈನ್‌ಮೆಂಟ್ (ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿ ಹಿಡಿಯುವುದು) ಸರಿಯಿಲ್ಲ ಅಂತ ಅರ್ಥ. ಒಂದು ಡಿಗ್ರಿ ತಪ್ಪಿದರೂ ನಿಮಿಷಕ್ಕೆ 4 ಪಿಕ್ಸೆಲ್ ತನಕ ಹೋಗಬಹುದು. ನಮ್ಮ ಕಡೆ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮೇಲಷ್ಟೇ ಇರುತ್ತದೆ. ಪಕ್ಕದ ಮನೆಯ ನೀರಿನ ಟ್ಯಾಂಕೇ ಸಾಕು ಮುಚ್ಚಲು. ಕಾಣದಿದ್ದರೆ ದಕ್ಷಿಣದಲ್ಲಿ, ಉತ್ತರ-ದಕ್ಷಿಣವಾಗಿ ಹಾಯುವ ನೆತ್ತಿಯ ಗೆರೆಯ ಹತ್ತಿರ ಇರುವ ಒಂದು ನಕ್ಷತ್ರ ಹಿಡಿದು, ಅದರ ಡ್ರಿಫ್ಟ್ (ಜಾರುವಿಕೆ) ನೋಡಿ ಅಕ್ಷದ ಪೂರ್ವ-ಪಶ್ಚಿಮ ದಿಕ್ಕನ್ನು ಸರಿಮಾಡಿ. ಓರಿಯನ್ ಅದಕ್ಕೆ ಚೆನ್ನಾಗಿದೆ.

ಇನ್ನೊಂದು, ಟ್ರೈಪಾಡ್‌ನ ಒಂದು ಕಾಲನ್ನು ನೇರ ಉತ್ತರಕ್ಕೆ ಇಡಬೇಡಿ. ನಮ್ಮ ಅಕ್ಷಾಂಶದಲ್ಲಿ ಅಕ್ಷ ತುಂಬಾ ಮಲಗಿರುತ್ತದೆ. ಕೌಂಟರ್‌ವೇಟ್ (ಸಮತೂಕದ ಭಾರ) ಸರಳು ಕೆಳಗೆ ಬಂದಾಗ ಆ ಕಾಲಿಗೆ ತಾಗಬಹುದು.

ತಾರಸಿತಾರೆ:

ನಿನ್ನೆ ರಾತ್ರಿ ಎರಡು ಗಂಟೆ ಕೂತು ಮಾಡಿದೆ. ಕೋಡ್ ತಿದ್ದಿದ್ದೇನೆ. ಉತ್ತರ-ದಕ್ಷಿಣಕ್ಕೆ 20 ನಿಮಿಷದಲ್ಲಿ 12 ಪಿಕ್ಸೆಲ್ ಮಾತ್ರ. ಆದರೆ ಪೂರ್ವ-ಪಶ್ಚಿಮಕ್ಕೆ ನಕ್ಷತ್ರ ಉಯ್ಯಾಲೆ ಆಡುತ್ತಿದೆ! ಒಂದು ತುದಿಯಿಂದ ಇನ್ನೊಂದಕ್ಕೆ 25 ಪಿಕ್ಸೆಲ್. ಹೋಗಿ ಬರಲು ಸುಮಾರು 10 ನಿಮಿಷ.

ಹಲ್ಲುಚಕ್ರ:

ಸಿಕ್ಕಿತು. 86,164 ಸೆಕೆಂಡನ್ನು 144ರಿಂದ ಭಾಗಿಸಿ: 598. ವರ್ಮ್ ಒಂದು ಸುತ್ತಿಗೆ ತೆಗೆದುಕೊಳ್ಳುವ ಸಮಯ ಅದೇ. ಅಂದರೆ ದೋಷ ವರ್ಮ್‌ನಲ್ಲಿದೆ, ಇಲ್ಲವೇ ವರ್ಮ್ ಜೊತೆ ಸುತ್ತುವ ಯಾವುದರಲ್ಲೋ ಇದೆ. ಅಗ್ಗದ ಮೌಂಟ್‌ನಲ್ಲಿ ವರ್ಮ್ ಸ್ವಲ್ಪ ಆಡುವುದು ಸಹಜ. ಆದರೆ 25 ಪಿಕ್ಸೆಲ್ ಅಂದರೆ 100 ಆರ್ಕ್‌ಸೆಕೆಂಡ್, ಅದು ಜಾಸ್ತಿಯೇ. ಆ 60 ಹಲ್ಲಿನ ಪುಲ್ಲಿಯ ತೂತು ಎಷ್ಟು, ಶಾಫ್ಟ್ ಎಷ್ಟು?

ತಾರಸಿತಾರೆ:

ತೂತು 8 ಎಂಎಂ. ಶಾಫ್ಟ್ 7.5. ಸ್ಕ್ರೂ ಬಿಗಿ ಮಾಡಿದ್ದೇನೆ, ಅಲ್ಲಾಡುತ್ತಿಲ್ಲ.

ಹಲ್ಲುಚಕ್ರ:

ಅಲ್ಲಾಡುವುದಿಲ್ಲ, ಆದರೆ ಸ್ಕ್ರೂ ಪುಲ್ಲಿಯನ್ನು ಒಂದು ಕಡೆಗೆ ಎಳೆದಿದೆ. ನಡುಬಿಂದು ಕಾಲು ಎಂಎಂ ಸರಿದಿದೆ. ಆ ಪುಲ್ಲಿಯ ತ್ರಿಜ್ಯ 19 ಎಂಎಂ ಚಿಲ್ಲರೆ. ಹಾಗಾಗಿ ವರ್ಮ್ ಮುಕ್ಕಾಲು ಡಿಗ್ರಿ ಮುಂದೆ, ಮುಕ್ಕಾಲು ಡಿಗ್ರಿ ಹಿಂದೆ ಹೋಗುತ್ತದೆ. 144ರಿಂದ ಭಾಗಿಸಿದರೆ ಆಕಾಶದಲ್ಲಿ ಆ ಕಡೆ 19, ಈ ಕಡೆ 19 ಆರ್ಕ್‌ಸೆಕೆಂಡ್. ಇದೊಂದರಿಂದಲೇ 9 ಪಿಕ್ಸೆಲ್ ಹೋಗುತ್ತಿರಬಹುದು.

ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬುಶ್ (ತೂತು-ಶಾಫ್ಟ್ ನಡುವಿನ ಸಂದು ತುಂಬುವ ಕೊಳವೆ) ಮಾಡಿಸಿ. ಟೇಪ್ ಸುತ್ತಬೇಡಿ, ಮತ್ತೆ ಒಂದು ಕಡೆಗೆ ಸರಿಯುತ್ತದೆ. ಪುಲ್ಲಿ ಬಿಚ್ಚಿದಾಗಲೇ ವರ್ಮ್ ಉದ್ದಕ್ಕೆ ಹಿಂದೆ ಮುಂದೆ ಸರಿಯುತ್ತದೆಯಾ ನೋಡಿ. ಸರಿದರೆ ತುದಿಯ ನಟ್ಟನ್ನು ಸ್ವಲ್ಪವೇ ಬಿಗಿ ಮಾಡಿ. ವರ್ಮ್ ಚಕ್ರಕ್ಕೆ ಒತ್ತಿ ಕೂತರೂ ಕಷ್ಟ, ಮೋಟಾರ್ ಸ್ಟೆಪ್ ಬಿಡುತ್ತದೆ. ಬೆರಳಿಗೆ ತಿಳಿಯುವಷ್ಟು ಸಡಿಲ ಇರಲಿ. ಆ ಸಡಿಲ ತೊಂದರೆ ಕೊಡದಿರಲು ಪೂರ್ವದ ಕಡೆ ಭಾರ ಸ್ವಲ್ಪ ಜಾಸ್ತಿ ಇಡಿ. ಆಗ ಹಲ್ಲು ಯಾವಾಗಲೂ ಒಂದೇ ಕಡೆ ಒತ್ತಿಕೊಂಡಿರುತ್ತದೆ.

ಹೇಳಲೇಬೇಕಾದ್ದು: ಡ್ರೈವರ್‌ಗೆ ಕರೆಂಟ್ ಇರುವಾಗ ಮೋಟಾರಿನ ವೈರ್ ಕೀಳಬೇಡಿ. ಎ4988 ಸುಟ್ಟುಹೋಗುತ್ತದೆ.

ತಾರಸಿತಾರೆ:

ಬುಶ್ ಹಾಕಿಸಿ ವಾರ ಆಯಿತು, ಇವತ್ತು ಮೋಡ ಬಿಟ್ಟಿತು. ಉಯ್ಯಾಲೆ 25ರಿಂದ 15 ಪಿಕ್ಸೆಲ್‌ಗೆ ಇಳಿದಿದೆ. 30 ಸೆಕೆಂಡಿನ 40 ಫೋಟೋದಲ್ಲಿ 31 ಚೆನ್ನಾಗಿವೆ. ನೆಬ್ಯುಲಾದ ರೆಕ್ಕೆ ಎರಡೂ ಕಡೆ ಹರಡಿರುವುದು ಕಂಡಾಗ ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಉಳಿದ 15 ವರ್ಮ್‌ದೇ ಅಲ್ವಾ ಸರ್?

ಹಲ್ಲುಚಕ್ರ:

ಬಹುತೇಕ ವರ್ಮ್‌ದೇ. ಅದಕ್ಕೆ ಮುಂದೆ ಗೈಡ್ ಕ್ಯಾಮೆರಾ (ಒಂದು ನಕ್ಷತ್ರ ನೋಡುತ್ತಾ ಮೌಂಟನ್ನು ತಿದ್ದುವ ಕ್ಯಾಮೆರಾ) ಬೇಕು. ಈಗ 30 ಸೆಕೆಂಡಿನಲ್ಲೇ ತೆಗೆಯುತ್ತಾ ಹೋಗಿ. ಓರಿಯನ್ ಪಶ್ಚಿಮಕ್ಕೆ ಇಳಿಯುವ ಮುಂಚೆ 200 ಫೋಟೋ ಆದರೆ ಸ್ಟ್ಯಾಕ್ ಮಾಡಿ (ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡಿ) ಇಲ್ಲಿ ಹಾಕಿ, ಕಾಯುತ್ತಿರುತ್ತೇವೆ.