ಮೊದಲ ಸಲ ಕರಾಟೆ ಟೂರ್ನಮೆಂಟ್‌ಗೆ ಹೆಸರು ಕೊಡುವ ಮುನ್ನ: ಒಂದು ಕೋರಿಕೆ, ಕೆಲವರ ಅನುಭವ

ಕೋರಿಕೆ

ನನಗೀಗ 36 ವರ್ಷ. ಕರಾಟೆ ಕಲಿಯಲು ಆರಂಭಿಸಿ ಎರಡೂವರೆ ವರ್ಷಗಳಾಗಿವೆ, ಹಸಿರು ಬೆಲ್ಟ್‌ನಲ್ಲಿದ್ದೇನೆ. ಇನ್ನೆರಡು ತಿಂಗಳಲ್ಲಿ ನಡೆಯಲಿರುವ ಒಂದು ದಿನದ ಸ್ಥಳೀಯ ಟೂರ್ನಮೆಂಟ್‌ನಲ್ಲಿ ಕುಮಿತೆ (ಎದುರಾಳಿಯೊಂದಿಗೆ ನೇರವಾಗಿ ಸೆಣಸುವ) ವಿಭಾಗಕ್ಕೆ ಹೆಸರು ಕೊಡಿ ಎಂದು ನಮ್ಮ ಮಾಸ್ಟರ್ ಹೇಳಿದ್ದಾರೆ. ತರಗತಿಯಲ್ಲಿ ಜೊತೆಯವರೊಂದಿಗೆ ಸ್ಪಾರಿಂಗ್ ಮಾಡಿದ್ದನ್ನು ಬಿಟ್ಟರೆ ಹೊರಗಿನವರ ಎದುರು ನಿಂತ ಅನುಭವ ನನಗಿಲ್ಲ. ಪೆಟ್ಟಾದೀತೆಂಬ ಭಯ ಒಂದು ಕಡೆ, ನನಗಿಂತ ಹತ್ತು-ಹದಿನೈದು ವರ್ಷ ಚಿಕ್ಕವರ ಮುಂದೆ ನಗೆಪಾಟಲಿಗೆ ಈಡಾದೇನೆಂಬ ಅಳುಕು ಇನ್ನೊಂದು ಕಡೆ. ಸಿದ್ಧತೆ ಹೇಗಿರಬೇಕು, ಆ ದಿನ ನಿಜವಾಗಿ ಏನೇನು ನಡೆಯುತ್ತದೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ತಡವಾಗಿ ಕಣಕ್ಕಿಳಿದ ಸ್ಪರ್ಧಿಯೊಬ್ಬರು

ನಾನು ಮೊದಲ ಸಲ ಮ್ಯಾಟ್ ಹತ್ತಿದಾಗ 39 ತುಂಬಿತ್ತು, ಆದ್ದರಿಂದ ನಿಮ್ಮ ಅಳುಕು ನನಗೆ ಹೊಸದಲ್ಲ. ಸ್ಪರ್ಧೆಯೆಂದರೆ ಎದುರಾಳಿಯೊಂದಿಗೆ ಕಳೆಯುವ ಎರಡು-ಮೂರು ನಿಮಿಷ ಎಂದುಕೊಂಡು ಅದಕ್ಕಷ್ಟೇ ಸಿದ್ಧನಾಗಿ ಹೋಗಿದ್ದೆ. ಆದರೆ ಆ ದಿನದ ಬಹುಪಾಲು ಕಳೆದದ್ದು ಕಾಯುವುದರಲ್ಲಿ, ಹೆಚ್ಚುಕಡಿಮೆ ನಾನು ಸೋತದ್ದೂ ಆ ಕಾಯುವಿಕೆಯಲ್ಲೇ. ಬೆಳಿಗ್ಗೆ ಏಳೂವರೆಗೆ ಹಾಜರಿ ಹಾಕಬೇಕಿತ್ತು. ಏಳಕ್ಕೇ ಹೋಗಿ, ಎಂಟರ ಹೊತ್ತಿಗೆ ಮೈಯೆಲ್ಲ ಬೆವರುವಷ್ಟು ವಾರ್ಮ್‌ಅಪ್ ಮುಗಿಸಿ, ಈಗ ಕರೆದಾರು, ಇನ್ನೇನು ಕರೆದಾರು ಎಂದು ಗ್ಲೌಸ್ ಹಾಕಿಕೊಂಡೇ ಕುಳಿತೆ. ಮಕ್ಕಳ ಕಟಾ (ಎದುರಾಳಿಯಿಲ್ಲದೆ ಮಾಡಿ ತೋರಿಸುವ ನಿಗದಿತ ಚಲನೆಗಳು) ಮುಗಿಯಿತು, ಮಕ್ಕಳ ಕುಮಿತೆ ಮುಗಿಯಿತು, ನಡುವೆ ಯಾರಿಗೆ ಯಾರು ಎದುರಾಳಿ ಎಂಬ ಡ್ರಾ ಪಟ್ಟಿಯಲ್ಲಿ ಏನೋ ತಪ್ಪಾಗಿ ಮುಕ್ಕಾಲು ಗಂಟೆ ಎಲ್ಲವೂ ನಿಂತಿತು. ನನ್ನ ಹೆಸರು ಕೇಳಿಬಂದಾಗ ಮಧ್ಯಾಹ್ನ ಎರಡೂ ಇಪ್ಪತ್ತು. ಅಷ್ಟರಲ್ಲಿ ಮೈ ತಣ್ಣಗಾಗಿತ್ತು, ಹೊಟ್ಟೆ ಖಾಲಿಯಿತ್ತು, ಮನಸ್ಸಿನಲ್ಲಿ ಅದೇ ಪಂದ್ಯವನ್ನು ಹದಿನೈದು ಸಲ ಆಡಿ ದಣಿದಿದ್ದೆ.

ಕುಮಿತೆಯಲ್ಲಿ ಒಬ್ಬರು ಕೆಂಪು ಬೆಲ್ಟ್, ಇನ್ನೊಬ್ಬರು ನೀಲಿ ಬೆಲ್ಟ್ ಕಟ್ಟಬೇಕು. ನಮ್ಮ ದರ್ಜೆಯ ಬೆಲ್ಟನ್ನು ಬಿಚ್ಚಿಡಬೇಕು. ನನ್ನ ಕೈಗೆ ಕೆಂಪು ಬೆಲ್ಟ್ ಕೊಟ್ಟರು. ಮೂರು ವರ್ಷಗಳಿಂದ ವಾರಕ್ಕೆ ಮೂರು ದಿನ ಕಣ್ಣುಮುಚ್ಚಿ ಕಟ್ಟುತ್ತಿದ್ದ ಗಂಟು ಆಗ ಬೆರಳಿಗೆ ಬರಲೇ ಇಲ್ಲ, ಬೆಲ್ಟ್‌ನ ತುದಿ ಎರಡು ಸಲ ಕೈಜಾರಿತು. ಪಕ್ಕದಲ್ಲಿ ನೀಲಿ ಬೆಲ್ಟ್ ಕಟ್ಟಿಕೊಂಡು ನಿಂತಿದ್ದ ಹುಡುಗ, "ಕೊಡಿ ಸರ್, ನಾನು ಕಟ್ಟುತ್ತೇನೆ" ಎಂದು ಬಗ್ಗಿ, ಬಿಗಿಯಾಗಿ ಗಂಟು ಹಾಕಿ, ಎರಡೂ ತುದಿಗಳನ್ನು ಸಮ ಮಾಡಿ ಬಿಟ್ಟ. ಒಂದು ನಿಮಿಷ ಕಳೆಯುವ ಮೊದಲೇ ಅದೇ ಹುಡುಗ ನನ್ನನ್ನು 8-0ರಿಂದ ಸೋಲಿಸಿದ. ಎಂಟು ಅಂಕಗಳ ಅಂತರ ಬಂದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ ಎಂಬ ನಿಯಮ ನನಗೆ ಗೊತ್ತಾದದ್ದೂ ಆಗಲೇ. ನಗೆಪಾಟಲಿನ ವಿಷಯ ಕೇಳಿದಿರಲ್ಲ, ನನ್ನನ್ನು ನೋಡಿ ಯಾರೂ ನಗಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಹೆಸರು ಯಾವಾಗ ಬರುತ್ತದೋ ಎಂಬ ಚಿಂತೆಯಲ್ಲಿದ್ದರು. ಹದಿನಾರು ಜನರ ಡ್ರಾ ಎಂದರೆ ಮೊದಲ ಸುತ್ತಿನಲ್ಲೇ ಎಂಟು ಜನ ಸೋಲಲೇಬೇಕು ಎಂಬ ಲೆಕ್ಕವನ್ನು ಆಮೇಲೆ ಹಾಕಿಕೊಂಡು ಸಮಾಧಾನಪಟ್ಟೆ.

ಎರಡನೆಯ ಸಲ ಹೋಗುವಾಗ ಬದಲಿಸಿಕೊಂಡದ್ದು ತಂತ್ರಗಳನ್ನಲ್ಲ, ಆ ದಿನವನ್ನು ಕಳೆಯುವ ಬಗೆಯನ್ನು. ನನ್ನ ವಿಭಾಗ ಯಾವ ಮ್ಯಾಟ್‌ನಲ್ಲಿ, ಎಷ್ಟನೆಯದಾಗಿ ನಡೆಯುತ್ತದೆಂದು ಹೋದ ಕೂಡಲೇ ತಿಳಿದುಕೊಂಡು, ಅದಕ್ಕೆ ಎರಡು ವಿಭಾಗಗಳು ಬಾಕಿ ಇರುವವರೆಗೆ ಮೈಮೇಲೆ ಜಾಕೆಟ್ ಹಾಕಿ ಒಂದು ಮೂಲೆಯಲ್ಲಿ ಕುಳಿತಿದ್ದೆ. ಕರೆ ಬಂದರೆ ತಿಳಿಸಲು ಜೊತೆಯವರೊಬ್ಬರನ್ನು ನಿಲ್ಲಿಸಿದ್ದೆ. ತಿನ್ನುವುದನ್ನು ಸ್ವಲ್ಪಸ್ವಲ್ಪವಾಗಿ, ಹೊಟ್ಟೆಗೆ ಒಗ್ಗಿದ್ದನ್ನೇ ತಿಂದೆ. ವಾರ್ಮ್‌ಅಪ್ ಆರಂಭಿಸಿದ್ದು ಕರೆಗೆ ಸುಮಾರು ಇಪ್ಪತ್ತು ನಿಮಿಷ ಮೊದಲು. ಇದಕ್ಕೆ ತರಗತಿಯಲ್ಲೇ ಅಭ್ಯಾಸ ಮಾಡಿಕೊಳ್ಳಬಹುದು: ಅರ್ಧ ಗಂಟೆ ಸುಮ್ಮನೆ ಕುಳಿತಿದ್ದು, ಐದು ನಿಮಿಷ ಮೈ ಸಡಿಲಿಸಿ, ಪೂರ್ಣ ವೇಗದಲ್ಲಿ ಒಂದು ಬೌಟ್ ಆಡಿ ನೋಡಿ. ಮೊದಲ ಸಲ ಉಸಿರು ಎಲ್ಲಿಗೆ ಹೋಗುತ್ತದೆಂದು ನಿಮಗೇ ಆಶ್ಚರ್ಯವಾಗುತ್ತದೆ. ಗಮ್‌ಶೀಲ್ಡ್ ಕೂಡ ಹಾಗೆಯೇ. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಹಲ್ಲಿನ ಅಚ್ಚಿಗೆ ಕೂರಿಸಿಕೊಳ್ಳುವ ಬಗೆಯದನ್ನು ಈಗಲೇ ತಂದು ಪ್ರತಿ ಸ್ಪಾರಿಂಗ್‌ನಲ್ಲೂ ಹಾಕಿಕೊಳ್ಳಿ. ಸ್ಪರ್ಧೆಯ ದಿನವೇ ಮೊದಲ ಬಾರಿಗೆ ಕಚ್ಚಿಕೊಂಡರೆ ವಾಕರಿಕೆ ಬರುತ್ತದೆ, ಬಾಯಿಂದ ಉಸಿರಾಡುವುದೂ ಕಷ್ಟವಾಗುತ್ತದೆ.

ತೀರ್ಪುಗಾರರಾಗಿ ಕೂರುವವರೊಬ್ಬರು

ಮೇಲಿನವರು ಹೇಳಿದ್ದೆಲ್ಲ ಸರಿಯೇ, ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಸ್ಪರ್ಧೆ ಯಾವ ನಿಯಮಾವಳಿಯ ಪ್ರಕಾರ ನಡೆಯುತ್ತದೆ ಎಂಬುದನ್ನು. ಕರಾಟೆ ಎಂಬ ಒಂದೇ ಹೆಸರಿನಡಿ ಬಹಳ ಬೇರೆಬೇರೆ ಆಟಗಳಿವೆ. ಕ್ಯೊಕುಶಿನ್ ಪದ್ಧತಿಯ ಸ್ಪರ್ಧೆಯಲ್ಲಿ ಕೈಗೆ ಗ್ಲೌಸ್ ಇಲ್ಲದೆ ಎದೆ-ಹೊಟ್ಟೆಗೆ ಪೂರ್ಣ ಬಲದಿಂದ ಹೊಡೆಯುತ್ತಾರೆ, ಮುಖಕ್ಕೆ ಮುಷ್ಟಿಪ್ರಹಾರ ನಿಷಿದ್ಧ, ತಲೆಗೆ ಒದೆಯಬಹುದು. ವಿಶ್ವ ಕರಾಟೆ ಫೆಡರೇಷನ್ನಿನ ನಿಯಮಗಳಲ್ಲಿ ಮುಖಕ್ಕೂ ಗುರಿಯಿಡಬಹುದು, ಆದರೆ ಪ್ರಹಾರ ಹತೋಟಿಯಲ್ಲಿರಬೇಕು. ಒಂದಕ್ಕೆ ತಯಾರಾಗಿ ಇನ್ನೊಂದಕ್ಕೆ ಹೋಗಿ ನಿಂತವರನ್ನು ನಾನು ಕಂಡಿದ್ದೇನೆ. ನಿಯಮಗಳು ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಣೆಗೊಳ್ಳುತ್ತವೆ, ಸ್ಥಳೀಯ ಆಯೋಜಕರು ಅವುಗಳಲ್ಲಿ ತಮ್ಮದೇ ಬದಲಾವಣೆಗಳನ್ನೂ ಮಾಡಿಕೊಂಡಿರುತ್ತಾರೆ. ಆದ್ದರಿಂದ ಬರಹದಲ್ಲಿರುವ ನಿಯಮವನ್ನೇ ಕೇಳಿ ಪಡೆಯಿರಿ.

ಫೆಡರೇಷನ್ ನಿಯಮದ ಸ್ಪರ್ಧೆಯೇ ಆಗಿದ್ದರೆ ಅಂಕಗಳ ಲೆಕ್ಕ ಸರಳವಾಗಿದೆ. ಮುಷ್ಟಿಪ್ರಹಾರಕ್ಕೆ ಒಂದು ಅಂಕ, ಅದನ್ನು ಯುಕೋ ಎನ್ನುತ್ತೇವೆ. ಮುಂಡದ ಭಾಗಕ್ಕೆ ಒದೆತಕ್ಕೆ ಎರಡು, ಅದು ವಾಜಾ-ಅರಿ. ತಲೆಯ ಎತ್ತರದ ಒದೆತಕ್ಕೆ, ಅಥವಾ ಕೆಳಗೆ ಬಿದ್ದ ಎದುರಾಳಿಯ ಮೇಲೆ ಸಮಯಕ್ಕೆ ಸರಿಯಾಗಿ ಮಾಡಿದ ಪ್ರಹಾರಕ್ಕೆ ಮೂರು ಅಂಕಗಳ ಇಪ್ಪಾನ್. ವಯಸ್ಕರ ಪಂದ್ಯ ಮೂರು ನಿಮಿಷದ್ದು, ಸ್ಥಳೀಯ ಮಟ್ಟದಲ್ಲಿ ಅದನ್ನು ಎರಡು ನಿಮಿಷಕ್ಕೆ ಇಳಿಸುವುದೂ ಉಂಟು. ಹೊಸಬರು ಕಡೆಗಣಿಸುವುದು ಸೆನ್ಶು ಎಂಬುದನ್ನು: ಎದುರಾಳಿಗಿಂತ ಮೊದಲು ಅಂಕ ತೆರೆದವರಿಗೆ ಅದು ಸಿಗುತ್ತದೆ, ಪಂದ್ಯ ಸಮವಾಗಿ ಮುಗಿದರೆ ಅದನ್ನು ಉಳಿಸಿಕೊಂಡವರೇ ಗೆಲ್ಲುತ್ತಾರೆ. 2-2 ಇದೆ, ಇನ್ನು ಸಮಯವಾಗಲಿ ಎಂದು ಹಿಂದೆ ಸರಿದು ನಿಂತು, ಕೊನೆಗೆ ಎದುರಾಳಿಯ ಕೈ ಮೇಲೇರಿದ್ದು ಏಕೆಂದು ತಿಳಿಯದೆ ನಮ್ಮ ಮುಖ ನೋಡುವವರು ಪ್ರತಿ ಟೂರ್ನಮೆಂಟ್‌ನಲ್ಲೂ ಇಬ್ಬರಾದರೂ ಸಿಗುತ್ತಾರೆ.

ಬಾವುಟ ಹಿಡಿದು ಮೂಲೆಯಲ್ಲಿ ಕುಳಿತಾಗ ನಮಗೆ ಕಾಣುವುದು ಪ್ರಹಾರ ಮಾತ್ರವಲ್ಲ. ಅಂತರ, ಸಮಯ, ಶರೀರದ ಭಂಗಿ, ಹೊಡೆದ ನಂತರವೂ ಎದುರಾಳಿಯ ಮೇಲೆ ಉಳಿದ ಎಚ್ಚರ, ಇವೆಲ್ಲ ಕೂಡಿದರೆ ಮಾತ್ರ ಅಂಕ. ನಾಲ್ವರಲ್ಲಿ ಇಬ್ಬರಾದರೂ ಬಾವುಟ ಎತ್ತಬೇಕು. ಒಳ್ಳೆಯ ಗುದ್ದು ಹಾಕಿದ ಕೂಡಲೇ ಅಂಕ ಬಂತೆಂದು ಬೆನ್ನು ತಿರುಗಿಸಿ ನಡೆಯುವವರು ಆ ಅಂಕವನ್ನು ತಾವೇ ಕಳೆದುಕೊಳ್ಳುತ್ತಾರೆ. ತರಗತಿಯಲ್ಲಿ ಹೊಡೆದು ನಿಲ್ಲುವುದು ರೂಢಿಯಾಗಿದ್ದರೆ, ಹೊಡೆದು ಕೈ ಎಳೆದುಕೊಂಡು ಕಾವಲಿಗೆ ಮರಳುವುದನ್ನು ಈ ಎರಡು ತಿಂಗಳು ಪ್ರತಿದಿನ ರೂಢಿಸಿಕೊಳ್ಳಿ. ಹೊಸ ತಂತ್ರ ಕಲಿಯುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ಪೆಟ್ಟಿನ ಭಯದ ಬಗ್ಗೆ ಒಂದು ಮಾತು. ಭಯಪಟ್ಟವರೇ ಹತೋಟಿ ತಪ್ಪಿ ಜೋರಾಗಿ ಹೊಡೆಯುವುದನ್ನು ನಾನು ಹೆಚ್ಚಾಗಿ ನೋಡಿದ್ದೇನೆ. ಹತೋಟಿಗೆ ಎಷ್ಟು ಬೆಲೆಯಿದೆಯೆಂಬುದು ಟೋಕಿಯೊ ಒಲಿಂಪಿಕ್ಸ್ ನೋಡಿದವರಿಗೆ ನೆನಪಿರಬಹುದು. 2021ರ ಆಗಸ್ಟ್ 7ರಂದು ಪುರುಷರ 75 ಕೆ.ಜಿ. ಮೇಲ್ಪಟ್ಟ ವಿಭಾಗದ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಿಂದ ಮುಂದಿದ್ದರು. ಅವರ ಒಂದು ಒದೆತ ಇರಾನಿನ ಸಜ್ಜಾದ್ ಗಂಜಜಾದೆ ಅವರ ತಲೆಗೆ ತಾಗಿ, ಅವರು ಪ್ರಜ್ಞೆ ತಪ್ಪಿ ಬಿದ್ದರು. ಹಮೇದಿ ಅನರ್ಹರಾದರು, ಸ್ಟ್ರೆಚರ್ ಮೇಲೆ ಹೊರಹೋದ ಗಂಜಜಾದೆ ತಮಗೆ ಚಿನ್ನ ಬಂದದ್ದನ್ನು ಎಚ್ಚರವಾದ ಮೇಲೆ ತಿಳಿದರು. ಆ ತೀರ್ಪಿನ ಬಗ್ಗೆ ಚರ್ಚೆ ಬಹಳ ನಡೆಯಿತು, ನನ್ನ ಮಟ್ಟಿಗೆ ನಿಯಮದಂತೆ ಅದು ಸರಿಯಾಗಿಯೇ ಇತ್ತು.

ಒಮ್ಮೆ ಕಂಚು ಕೈತಪ್ಪಿದವರೊಬ್ಬರು

ನನ್ನದು ಚಿಕ್ಕ ಮಾತು, ಆದರೆ ಯಾರೂ ನನಗೆ ಮೊದಲೇ ಹೇಳದ ಮಾತು. ಎರಡನೆಯ ಸುತ್ತಿನಲ್ಲಿ ಸೋತು, ಬಟ್ಟೆ ಬದಲಿಸಿ, ಚೀಲ ಹೆಗಲಿಗೇರಿಸಿ ಬಸ್ಸಿನಲ್ಲಿ ಕುಳಿತಿದ್ದಾಗ ಗೆಳೆಯನ ಫೋನ್ ಬಂತು: "ನಿನ್ನ ಹೆಸರು ಮೂರು ಸಲ ಕರೆದರು, ಎಲ್ಲಿದ್ದೀಯ?" ನನ್ನನ್ನು ಸೋಲಿಸಿದವರು ಫೈನಲ್ ತಲುಪಿದ್ದರಿಂದ ನನಗೆ ರೆಪೆಚಾಜ್ ಅವಕಾಶ ಬಂದಿತ್ತು. ಅಂದರೆ ಫೈನಲ್ ತಲುಪಿದ ಇಬ್ಬರ ಕೈಯಲ್ಲಿ ಸೋತವರೆಲ್ಲ ಮತ್ತೆ ಆಡಿ ಕಂಚಿನ ಪದಕಕ್ಕೆ ಸೆಣಸಬಹುದು. ನಾನು ಮರಳುವಷ್ಟರಲ್ಲಿ ಎದುರಾಳಿಗೆ ವಾಕ್‌ಓವರ್ ಕೊಟ್ಟಾಗಿತ್ತು. ರೆಪೆಚಾಜ್ ಇದೆಯೇ ಎಂದು ಬೆಳಿಗ್ಗೆಯೇ ಕೇಳಿ, ಇದ್ದರೆ ನಿಮ್ಮ ವಿಭಾಗದ ಫೈನಲಿಸ್ಟ್‌ಗಳು ಯಾರೆಂದು ಗೊತ್ತಾಗುವವರೆಗೆ ಗಿ (ಕರಾಟೆ ಉಡುಪು) ಬಿಚ್ಚಬೇಡಿ.

ಇನ್ನೊಂದು ತೂಕದ ವಿಷಯ. ಒಂದೆರಡು ಕಿಲೋ ಇಳಿಸಿ ಕೆಳಗಿನ ವಿಭಾಗಕ್ಕೆ ಹೋಗು ಎಂದು ಸಲಹೆ ಕೊಡುವವರು ಇದ್ದೇ ಇರುತ್ತಾರೆ. ನೀರು ಬಿಟ್ಟು, ಬೆವರಿಳಿಸಿ ತೂಕ ತಗ್ಗಿಸುವುದು ಆಟವಲ್ಲ: 1997ರ ಕೊನೆಯ ಎರಡು ತಿಂಗಳಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಮೊದಲ ಟೂರ್ನಮೆಂಟ್‌ಗೆ ಇದ್ದ ತೂಕದಲ್ಲೇ ಹೋಗಿ. ಅದೂ ಅಲ್ಲದೆ, ಸ್ಥಳೀಯ ಸ್ಪರ್ಧೆಗಳಲ್ಲಿ ಹೆಸರು ಕೊಟ್ಟವರು ಕಡಿಮೆಯಾದರೆ ಪಕ್ಕದ ವಿಭಾಗಗಳನ್ನು ಕೂಡಿಸಿಬಿಡುತ್ತಾರೆ. ಒಮ್ಮೆ ನಾನು ಬೆವರಿಳಿಸಿ ತಗ್ಗಿಸಿದ ಎರಡು ಕಿಲೋ ಆ ಕೂಡಿಕೆಯಿಂದಾಗಿ ಯಾವ ಲೆಕ್ಕಕ್ಕೂ ಬರಲಿಲ್ಲ.

ಟೇಕ್ವಾಂಡೊ ಆಡುವವರೊಬ್ಬರು

ಇದನ್ನು ಓದುವವರಲ್ಲಿ ಟೇಕ್ವಾಂಡೊದವರೂ ಇರಬಹುದೆಂದು ಬರೆಯುತ್ತಿದ್ದೇನೆ. ಮೇಲೆ ಹೇಳಿದ ಅಂಕಗಳನ್ನು ನಮ್ಮಲ್ಲಿ ನೆಚ್ಚಿಕೊಳ್ಳಬೇಡಿ. ವಿಶ್ವ ಟೇಕ್ವಾಂಡೊ ನಿಯಮಗಳಲ್ಲಿ ಎರಡೆರಡು ನಿಮಿಷದ ಸುತ್ತುಗಳು, ನಡುವೆ ಒಂದು ನಿಮಿಷ ಬಿಡುವು. ತಪ್ಪಿಗೆ ಬೀಳುವ ಪ್ರತಿಯೊಂದು ಗಾಮ್‌ಜಿಯೊಮ್ (ದಂಡ) ಎದುರಾಳಿಗೆ ಒಂದು ಅಂಕವಾಗಿ ಸೇರುತ್ತದೆ. ಎಲೆಕ್ಟ್ರಾನಿಕ್ ಎದೆಕವಚ ಬಳಸುವ ಸ್ಪರ್ಧೆಯಾಗಿದ್ದರೆ, ಸೆನ್ಸರ್ ಇರುವ ಕಾಲುಚೀಲ ತಾಗದ ಒದೆತ ಎಷ್ಟೇ ಸೊಗಸಾಗಿದ್ದರೂ ಅಂಕ ಏರುವುದಿಲ್ಲ. ಸಾಧ್ಯವಾದರೆ ಒಮ್ಮೆಯಾದರೂ ಅಂಥ ಕವಚದ ಮೇಲೆ ಒದ್ದು ನೋಡಿ ಹೋಗಿ.

ತಲೆಗೆ ಪೆಟ್ಟು ತಿಂದವರೊಬ್ಬರು

ಪೆಟ್ಟಿನ ಬಗ್ಗೆ ನೀವು ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಬೆರಳು ಉಳುಕುವುದು, ಮೊಣಕಾಲ ಕೆಳಗಿನ ಮೂಳೆಗೆ ಮೂಳೆ ತಾಗಿ ಕಂದುವುದು, ತುಟಿ ಒಡೆಯುವುದು, ಇವು ಸಾಮಾನ್ಯ. ಶಿನ್‌ಗಾರ್ಡ್ ಮತ್ತು ಗಮ್‌ಶೀಲ್ಡ್ ಅವನ್ನು ಬಹಳ ತಗ್ಗಿಸುತ್ತವೆ. ಹಗುರವಾಗಿ ತೆಗೆದುಕೊಳ್ಳಬಾರದ್ದು ತಲೆಯ ಪೆಟ್ಟನ್ನು. ನನ್ನ ಮೂರನೆಯ ಟೂರ್ನಮೆಂಟ್‌ನಲ್ಲಿ ಒದೆತವೊಂದು ಕಿವಿಯ ಮೇಲೆ ಬಿತ್ತು. ಕೆಳಗೂ ಬೀಳಲಿಲ್ಲ, ನೋವೂ ಇರಲಿಲ್ಲ, ಆದರೆ ಅಂಕಫಲಕದ ಸಂಖ್ಯೆಗಳು ಒಂದರ ಮೇಲೊಂದು ಕೂತಂತೆ ಕಾಣುತ್ತಿದ್ದವು. ರೆಫರಿ ಕೇಳಿದಾಗ "ಚೆನ್ನಾಗಿದ್ದೇನೆ" ಎಂದು ಸುಳ್ಳು ಹೇಳಿ ಆಡಿ ಗೆದ್ದೆ, ಮುಂದಿನ ಪಂದ್ಯಕ್ಕೂ ನಿಂತೆ. ಆ ಎರಡನೆಯ ಪಂದ್ಯದ ನೆನಪು ನನಗೆ ಇಂದಿಗೂ ಇಲ್ಲ, ವಿಡಿಯೊ ನೋಡಿಯೇ ತಿಳಿದದ್ದು. ನಂತರ ಮೂರು ವಾರ ಬೆಳಕು ಕಂಡರೆ ತಲೆನೋವು. ತಲೆಗೆ ಪೆಟ್ಟು ಬಿದ್ದು ಮಂಜು ಕವಿದಂತಾದರೆ, ವಾಕರಿಕೆ ಬಂದರೆ, ಮಾತು ತಡವರಿಸಿದರೆ ಅಂದಿನ ಆಟ ಅಲ್ಲಿಗೆ ಮುಗಿಯಬೇಕು, ವೈದ್ಯರಿಗೆ ತೋರಿಸಬೇಕು. ನಿಮ್ಮ ಕೋಚ್‌ಗೆ ಮೊದಲೇ ಹೇಳಿಡಿ: ಅಂಥ ಹೊತ್ತಿನಲ್ಲಿ ನನ್ನ ಮಾತು ಕೇಳಬೇಡಿ, ನಿರ್ಧಾರ ನಿಮ್ಮದೇ ಇರಲಿ ಎಂದು. ಕಣದ ಪಕ್ಕದಲ್ಲಿ ವೈದ್ಯರು ಇರುವುದಿಲ್ಲವೆಂದು ಗೊತ್ತಾದರೆ ಆ ಟೂರ್ನಮೆಂಟನ್ನೇ ಬಿಡಿ, ಇನ್ನೊಂದು ಬರುತ್ತದೆ.

ಕೋರಿಕೆ ಮುಂದಿಟ್ಟವರು

ಎಲ್ಲರಿಗೂ ಕೃತಜ್ಞ. ವೈದ್ಯರು ಇರುತ್ತಾರೆಂದು ಆಯೋಜಕರಿಂದ ಖಚಿತಪಡಿಸಿಕೊಂಡೆ, ನಿಯಮಾವಳಿಯ ಪ್ರತಿಯನ್ನೂ ಕೇಳಿದ್ದೇನೆ. ಒಂದು ಪ್ರಶ್ನೆ ಉಳಿಯಿತು: ನಾನು ಕನ್ನಡಕ ಹಾಕುವವನು. ತರಗತಿಯಲ್ಲಿ ಪಟ್ಟಿ ಕಟ್ಟಿಕೊಂಡು ಆಡುತ್ತೇನೆ. ಅಲ್ಲಿ ಬಿಡುತ್ತಾರೆಯೇ?

ತೀರ್ಪುಗಾರರಾಗಿ ಕೂರುವವರು

ಬಿಡುವುದಿಲ್ಲ. ಕುಮಿತೆಯಲ್ಲಿ ಕನ್ನಡಕ ನಿಷಿದ್ಧ, ಪಟ್ಟಿ ಕಟ್ಟಿದ್ದರೂ ಅಷ್ಟೇ. ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬಹುದು, ಅದರ ಹೊಣೆ ಸ್ಪರ್ಧಿಯದೇ. ಕಣ್ಣಿನ ವೈದ್ಯರನ್ನು ಈ ವಾರವೇ ಕಂಡು, ಲೆನ್ಸ್ ಹಾಕಿಕೊಂಡು ಒಂದು ತಿಂಗಳಾದರೂ ಸ್ಪಾರಿಂಗ್ ಮಾಡಿ. ಬೆವರು ಕಣ್ಣಿಗಿಳಿದಾಗ ಲೆನ್ಸ್ ಜಾರುವುದು, ಉರಿಯುವುದು ಹೊಸಬರಿಗೆ ಆಗಿಯೇ ಆಗುತ್ತದೆ. ಲೆನ್ಸ್ ಬೇಡವೆಂದಾದರೆ, ಕನ್ನಡಕವಿಲ್ಲದೆ ಎದುರಾಳಿಯ ಮುಷ್ಟಿ ಎಷ್ಟು ದೂರದಿಂದ ಸ್ಪಷ್ಟವಾಗಿ ಕಾಣುತ್ತದೆಂದು ತರಗತಿಯಲ್ಲೇ ನೋಡಿಕೊಳ್ಳಿ, ಅಂತರದ ಅಂದಾಜು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗೆಯೇ ಉಗುರು ಕತ್ತರಿಸಿಕೊಂಡು, ಉಂಗುರ-ಸರಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕಳೆದ ಸಲ ಬಿಗಿಯಾದ ಉಂಗುರವೊಂದನ್ನು ಸೋಪು ಹಚ್ಚಿ ಕಳಚುವಷ್ಟರಲ್ಲಿ ಆ ಸ್ಪರ್ಧಿಯ ಪಂದ್ಯದ ಕರೆ ಎರಡು ಸಲ ಆಗಿಹೋಗಿತ್ತು.